ಕೊಕ್ಕೆಯಿಲ್ಲದ ಗಾಳ

"ಕಾಲು ಆಡಿಸ್ಬೇಡ ಅಂದ್ನಲ್ಲ!" ಅತ್ತೆ ಪಿಸುಗುಟ್ಟಿದಳು. ಪಿಸುಮಾತಿನಲ್ಲೂ ಬೈಯುವುದು ಅತ್ತೆಗೆ ಚೆನ್ನಾಗಿ ಬರುತ್ತಿತ್ತು.

"ನಾನೆಲ್ಲಿ ಆಡಿಸ್ದೆ? ಅದೇ ತಿರುಗ್ತಿದೆ," ಎಂದಳು ಸೀಟಿ.

ತಿರುಗುತ್ತಿದ್ದದ್ದು ಟ್ಯೂಬು. ಲಾರಿ ಚಕ್ರದ ದೊಡ್ಡ ಕಪ್ಪು ಟ್ಯೂಬಿಗೆ ಟಾರ್ಪಾಲಿನ ಅಂಗಿ ಹೊಲಿದು, ನಡುವೆ ಕೂರುವುದಕ್ಕೆ ಅಗಲವಾದ ಪಟ್ಟಿ ಬಿಗಿದು ಅತ್ತೆಯೇ ಮಾಡಿದ ತೇಲುವ ಕುರ್ಚಿ ಅದು. ಅದರಲ್ಲಿ ಕೂತರೆ ಸೊಂಟದ ಮೇಲೆ ಬಿಸಿಲು, ಸೊಂಟದ ಕೆಳಗೆ ಕೆರೆ. ಮೈಗೆ ಲೈಫ್ ಜಾಕೆಟ್, ಎದೆಯವರೆಗೆ ರಬ್ಬರ್ ಪ್ಯಾಂಟು, ಪಾದಕ್ಕೆ ಬಾತುಕೋಳಿಯ ಪಾದದಂಥ ಚಪ್ಪಲಿ. ಕಾಲು ಒದ್ದರೆ ಟ್ಯೂಬು ಹಿಂದಕ್ಕೆ ಹೋಗುತ್ತದೆ. ಎಲ್ಲಿಗೆ ಹೋಗಬೇಕೋ ಆ ಕಡೆಗೇ ಬೆನ್ನು ಹಾಕಿ ಕೂರಬೇಕು. ಇದು ತಲೆಗೆ ಹೋಗುವಷ್ಟರಲ್ಲಿ ಸೀಟಿ ಎರಡು ಸಲ ಜೊಂಡಿನೊಳಗೆ ನುಗ್ಗಿ ಸಿಕ್ಕಿಕೊಂಡಿದ್ದಳು. ಆಮೇಲೆ ಅತ್ತೆ ಅವಳ ಟ್ಯೂಬಿಗೆ ಹಗ್ಗ ಕಟ್ಟಿ ತನ್ನ ಟ್ಯೂಬಿಗೆ ಬಿಗಿದುಕೊಂಡಳು.

ಚಳಿಗಾಲ ಮುಗಿದು ಹದಿನೈದು ದಿನವೂ ಆಗಿರಲಿಲ್ಲ. ದಂಡೆಯ ಮರಗಳಲ್ಲಿ ಚಿಗುರು ಆಗತಾನೆ ಮೂಗು ತೋರಿಸಿತ್ತು. ಕೆರೆಯ ನಡುವಿನ ನೀರು ಇನ್ನೂ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಆದರೆ ಈ ಮೂಲೆಯಲ್ಲಿ ನೀರು ಆಳವಿಲ್ಲ, ಗಾಳಿಯಿಲ್ಲ, ಮಧ್ಯಾಹ್ನವಿಡೀ ಬಿಸಿಲು ಬೀಳುತ್ತದೆ.

"ಮೀಸೆ ಮೀನೆಲ್ಲ ಮೈ ಕಾಯಿಸ್ಕೊಳ್ಳೋಕೆ ಇಲ್ಲಿಗೇ ಬರೋದು. ನೋಡು, ಆ ಮುಳುಗಿದ ಮರದ ಪಕ್ಕ," ಎಂದಳು ಅತ್ತೆ.

ಸೀಟಿ ನೋಡಿದಳು. ಮೊದಲು ಬರೀ ಕೆಸರು ಕಂಡಿತು. ಆಮೇಲೆ ಕೆಸರಿಗೆ ಮೀಸೆ ಬಂತು. ಅವಳ ತೋಳಿನಷ್ಟು ಉದ್ದದ ಮೀನು, ಚಪ್ಪಟೆ ತಲೆ, ಅಗಲ ಬಾಯಿ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಸುಮ್ಮನೆ ಬಿದ್ದಿತ್ತು.

"ಅಷ್ಟು ದೊಡ್ಡದಾ!"

"ಮೆಲ್ಲಗೆ. ಗಾಳಕ್ಕೆ ಬಿದ್ರೆ ಮಡಿಲಿಗೆ ಎಳ್ಕೊಂಡೀಯ, ಹುಷಾರು. ರೆಕ್ಕೇಲಿ ಮುಳ್ಳಿರುತ್ತೆ, ಟ್ಯೂಬಿಗೆ ಚುಚ್ಚಿದ್ರೆ ಮುಗೀತು. ನಾನು ಪಂಕ್ಚರ್ ಅಂಗಡಿಯವಳೇ, ಆದ್ರೆ ಅಂಗಡಿ ಇರೋದು ದಂಡೆ ಮೇಲೆ."

ಸೀಟಿಗೆ ಆ ಹೆಸರು ಬಂದದ್ದು ಹಲ್ಲಿನಿಂದ. ಮುಂದಿನ ಎರಡು ಹಲ್ಲುಗಳ ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಅವಳು 'ಸ' ಎಂದರೆ ಸೀಟಿ ಊದಿದಂತೆ ಕೇಳುತ್ತಿತ್ತು. ಶುಕ್ರವಾರ ಸೈನ್ಸ್ ಕ್ಲಾಸಿನಲ್ಲಿ ಎದ್ದು ನಿಂತು ಅವಳು ಹೇಳಿದ್ದೂ ಸೀಟಿ ಊದುತ್ತಲೇ.

"ಮೀಸೆ ಮೀನಿಗೆ ಮೈಯೆಲ್ಲ ನಾಲಿಗೆ, ಮಿಸ್. ಬಾಲದಲ್ಲೂ ರುಚಿ ನೋಡುತ್ತೆ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕ್ಲಾಸಿನ ಲೀಡರ್ ಮಾತ್ರ ನಗದೆ, "ಯಾರು ಹೇಳಿದ್ರು?" ಎಂದ.

"ನಮ್ಮತ್ತೆ."

"ಟೈರಿಗೆ ಪಂಕ್ಚರ್ ಹಾಕ್ತಾರಲ್ಲ, ಅವ್ರಾ? ಅವ್ರು ಯಾವಾಗ ಸೈಂಟಿಸ್ಟ್ ಆದ್ರು?"

ಸೀಟಿಯ ಕಿವಿಯೆರಡೂ ಬಿಸಿಯಾದವು. ಮಿಸ್ ಮೇಜು ತಟ್ಟಿ ಹೇಳಿದರು: "ನಗೋದು ಸಾಕು. ಈ ಭಾನುವಾರ ಕೆರೆಗೆ ಹೋಗ್ತೀಯಲ್ಲ? ನೋಡ್ಕೊಂಡು ಬಾ. ಏನು ನೋಡಿದ್ಯೋ ಸೋಮವಾರ ಎಲ್ಲರ ಮುಂದೆ ಹೇಳು."

ನೋಡಿಕೊಂಡು ಬರುವ ವಿಚಾರವನ್ನು ಸೀಟಿ ಅತ್ತೆಗೆ ಹೇಳಿದ್ದಳು. ಪಂಕ್ಚರ್ ವಿಚಾರವನ್ನು ಹೇಳಿರಲಿಲ್ಲ.

ಈಗ ಅವಳು ಡಬ್ಬಿಯಿಂದ ಕೋಳಿ ಲಿವರಿನ ತುಂಡು ತೆಗೆದಳು. ಅದು ಬೆರಳಿನಿಂದ ಬೆರಳಿಗೆ ಜಾರಿತು. ಕೊಕ್ಕೆಗೆ ಚುಚ್ಚುವ ಮೊದಲು ಕೇಳಿದಳು: "ಅತ್ತೆ, ಇದನ್ನ ಬಾಲದ ಹತ್ರ ಬಿಡ್ತೀನಿ. ರುಚಿ ಗೊತ್ತಾದ್ರೆ ತಿರುಗುತ್ತೆ. ಅಲ್ವಾ?"

"ತಿರುಗುತ್ತೆ, ನುಂಗುತ್ತೆ, ಕೊಕ್ಕೆ ಚುಚ್ಚುತ್ತೆ. ಆಮೇಲೆ ಇನ್ನೊಂದ್ಸಲ ಕೇಳ್ಬೇಕು ಅಂದ್ರೆ ಯಾರನ್ನ ಕೇಳ್ತೀ? ಅದು ಉತ್ತರ ಹೇಳೋ ಸ್ಥಿತೀಲಿ ಇರಲ್ಲ."

ಸೀಟಿ ಕೊಕ್ಕೆಯನ್ನು ನೋಡಿದಳು. ಇದು ಅವಳ ಮೊದಲ ಗಾಳ. ತೋಳುದ್ದದ ಮೀನು ಹಿಡಿದುಕೊಂಡು ಮನೆಗೆ ಹೋದರೆ ಅಪ್ಪ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆದರೆ ಕ್ಲಾಸಿನಲ್ಲಿ ಹೇಳುವುದೇನು? ಮೀನು ಸಿಕ್ಕಿತು ಅಂತಲೇ? ಮೀನು ಎಲ್ಲರಿಗೂ ಸಿಗುತ್ತದೆ.

ಅವಳು ಕೊಕ್ಕೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಲಿವರಿಗೆ ದಾರ ಸುತ್ತಿ ಗಂಟು ಹಾಕಿದಳು. ಅತ್ತೆ ಹುಬ್ಬೇರಿಸಿದಳು.

ದಾರ ನೀರಿಗಿಳಿಯಿತು. ಸೀಟಿ ಉಸಿರು ಬಿಗಿಹಿಡಿದು ಗಾಳಕೋಲನ್ನು ಸರಿಸಿದಳು. ಕೆಂಪು ತುಂಡು ಮೀನಿನ ಬೆನ್ನ ಹಿಂದೆ, ಅದರ ಕಣ್ಣಿಗೆ ಬೀಳದ ಕಡೆ, ಬಾಲದ ಬುಡಕ್ಕೆ ತಾಗಿತು.

ಮೀನು ಗಿರಕ್ಕನೆ ತಿರುಗಿ ತುಂಡನ್ನು ದಾರದಿಂದ ಕಿತ್ತು ನುಂಗಿತು. ಮತ್ತೆ ಮೊದಲಿನಂತೆಯೇ ಬಿದ್ದುಕೊಂಡಿತು.

"ನೋಡಿದ್ಯಾ? ನೋಡಿದ್ಯಾ ಅತ್ತೆ?"

"ನೋಡ್ದೆ."

"ಬಾಲಕ್ಕೆ ರುಚಿ ಗೊತ್ತಾಯ್ತು!"

"ಮುಟ್ಟಿದ್ದು ಗೊತ್ತಾಯ್ತು," ಎಂದಳು ಅತ್ತೆ. "ನಿನ್ನ ಬೆನ್ನಿಗೆ ಯಾರಾದ್ರೂ ಬೆರಳಿಟ್ರೆ ನೀನೂ ತಿರುಗ್ತೀಯ. ಅದಕ್ಕೆ ಬೆನ್ನಲ್ಲಿ ನಾಲಿಗೆ ಬೇಕಾ?"

ಸೀಟಿಗೆ ಅಳು ಬರುವಷ್ಟು ಸಿಟ್ಟು ಬಂತು. "ನೀನೇ ತಾನೆ ಹೇಳಿದ್ದು, ಮೈಯೆಲ್ಲ ನಾಲಿಗೆ ಅಂತ! ಈಗ ಯಾರ ಕಡೆ ನೀನು?"

"ಮೀನಿನ ಕಡೆ. ಅಂಗಡೀಲಿ ಟ್ಯೂಬನ್ನ ನೀರಲ್ಲಿ ಮುಳುಗಿಸ್ತೀನಿ. ಒಂದು ಕಡೆ ಗುಳ್ಳೆ ಬಂತು, ತೂತು ಸಿಕ್ತು. ಅಷ್ಟಕ್ಕೇ ಮೇಲೆ ತೆಗೀತೀನಾ? ಇಲ್ಲ. ಸುತ್ತ ಪೂರ್ತಿ ತಿರುಗಿಸ್ತೀನಿ. ಎರಡನೇ ತೂತು ಇರಬಹುದಲ್ಲ. ಬಿಟ್ರೆ ಗಿರಾಕಿ ದಾರೀಲಿ ನಿಂತ್ಕೊಂಡು ನನ್ನ ವಂಶಾನೇ ನೆನಸ್ಕೋತಾನೆ."

ಸೀಟಿ ಖಾಲಿ ದಾರವನ್ನು ಮೇಲಕ್ಕೆಳೆದುಕೊಂಡಳು. "ರುಚಿ ಇಲ್ಲದ್ದು ಏನಾದ್ರೂ ಬೇಕು," ಎಂದಳು ಕೊನೆಗೆ.

"ನಿನ್ನ ಕರ್ಚೀಫ್ ಇದೆಯಲ್ಲ, ಒಂದು ಮೂಲೆ ಹರಿದು ಉಂಡೆ ಮಾಡು. ತಗೋ, ಇದಕ್ಕೆ ಕಟ್ಟು." ಅತ್ತೆ ತನ್ನ ಗಾಳಕೋಲಿನ ಕೊಕ್ಕೆಯನ್ನೂ ಬಿಚ್ಚಿ, ಕೋಲನ್ನು ಅವಳತ್ತ ಚಾಚಿದಳು. "ರಾತ್ರಿ ಊಟಕ್ಕೆ ಮೀನು ಅಂತ ಅಂದ್ಕೊಂಡಿದ್ದೆ. ಹೋಗ್ಲಿ, ಬ್ರೆಡ್ ಇದೆ."

ಈಗ ಸೀಟಿಗೆ ಎರಡು ಕೋಲು. ಒಂದರ ತುದಿಯಲ್ಲಿ ಲಿವರು, ಇನ್ನೊಂದರ ತುದಿಯಲ್ಲಿ ಬಟ್ಟೆ. ಸರದಿಯ ಮೇಲೆ ಒಂದೊಂದನ್ನೇ ಬಾಲದ ಹತ್ತಿರ ಬಿಡತೊಡಗಿದಳು. ಲಿವರು ತೀರಿದಾಗಲೆಲ್ಲ ಹೊಸ ತುಂಡು ಕಟ್ಟಿದಳು. ಬಟ್ಟೆ ಅದೇ, ನೀರಿನಲ್ಲೇ ಇತ್ತು.

ಬಟ್ಟೆ ತಾಗಿದಾಗ ಮೊದಲ ಸಲ ಮೀನು ತಿರುಗಿತು. ಬಾಯಿಗೂ ಹಾಕಿಕೊಂಡಿತು. ಆಮೇಲೆ ಥೂ ಎಂದು ಉಗಿಯಿತು.

ಲಿವರು. ತಿರುಗಿತು, ನುಂಗಿತು.

ಬಟ್ಟೆ. ಅರ್ಧ ತಿರುಗಿತು. ಮೀಸೆಯಿಂದ ಮುಟ್ಟಿ ನೋಡಿ ಹಾಗೇ ಬಿಟ್ಟಿತು.

ಲಿವರು. ತಿರುಗಿತು, ನುಂಗಿತು.

ಅಷ್ಟು ಹೊತ್ತಿಗೆ ಸೀಟಿಯ ಕಾಲ್ಬೆರಳುಗಳು ಇವೆಯೋ ಇಲ್ಲವೋ ಅವಳಿಗೇ ತಿಳಿಯುತ್ತಿರಲಿಲ್ಲ. ಅವಳು ಮೂರನೆಯ ಸಲ ಬಟ್ಟೆ ಬಿಟ್ಟಳು. ಉಂಡೆ ಬಾಲಕ್ಕೆ ತಾಗಿತು, ಉಜ್ಜಿತು, ಮತ್ತೊಮ್ಮೆ ತಾಗಿತು. ಮೀನು ಮಿಸುಕಲಿಲ್ಲ.

"ಸುಮ್ನಿದೆ! ಅತ್ತೆ, ಸುಮ್ನೇ ಇದೆ!"

ಎರಡು 'ಸು' ಒಟ್ಟಿಗೆ ಸೀಟಿ ಹೊಡೆದವು. ಅವಳ ಎರಡೂ ಕಾಲು ನೀರನ್ನು ಝಾಡಿಸಿದವು. ಕೆಸರು ಮೇಲೆದ್ದಿತು. ಅದು ಕೆಳಗಿಳಿದಾಗ ಅಲ್ಲಿ ಬರೀ ಮರ ಇತ್ತು.

"ಹೋಯ್ತು. ಕ್ಲಾಸ್ ಬಿಟ್ಟಾಯ್ತು," ಎಂದಳು ಅತ್ತೆ. "ನಡಿ, ನಿನ್ನ ತುಟಿ ನೀಲಿ ಆಗ್ತಿದೆ."

ಇಬ್ಬರೂ ದಂಡೆಗೆ ಬೆನ್ನು ಹಾಕಿ ಒದೆಯುತ್ತ ದಂಡೆ ತಲುಪಿದರು. ಸೀಟಿ ರಬ್ಬರ್ ಪ್ಯಾಂಟು ಬಿಚ್ಚಿ, ಎರಡು ಜೊತೆ ಕಾಲುಚೀಲ ಹಾಕಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದಳು. ಲಿವರು, ಮೂರಕ್ಕೆ ಮೂರು. ಬಟ್ಟೆ, ಒಂದು, ಅರ್ಧ, ಸೊನ್ನೆ. ಚೆನ್ನಾಗಿ ಕಾಣುತ್ತಿತ್ತು. ಲೀಡರ್ ಇದನ್ನು ನೋಡಿದರೆ ಬಾಯಿ ಮುಚ್ಚಿಕೊಳ್ಳುವುದೇ ಸೈ.

ಅತ್ತೆ ಬ್ರೆಡ್ ಮುಂದೆ ಹಿಡಿದಳು. ಸೀಟಿ ಕೈ ಚಾಚಿದವಳು ನಿಂತಳು. ಬೆರಳನ್ನು ಮೂಗಿನ ಹತ್ತಿರ ತಂದಳು. ಮತ್ತೊಮ್ಮೆ ತಂದಳು.

"ಅತ್ತೆ. ಬಟ್ಟೆ ಕಟ್ಟಿದ್ದು ಇದೇ ಕೈಲಿ."

"ಹೂಂ?"

"ಲಿವರ್ ಮುಟ್ಟಿದ ಕೈಲಿ. ಬಟ್ಟೆಗೂ ಲಿವರ್ ಹತ್ತಿರುತ್ತೆ. ಅದಕ್ಕೇ ಮೊದಲ್ನೇ ಸಲ ತಿರುಗಿದ್ದು! ಆಮೇಲೆ ನೀರಲ್ಲಿ ತೊಳ್ದು ಹೋಯ್ತು, ರುಚಿ ಹೋಯ್ತು, ತಿರುಗ್ಲಿಲ್ಲ!"

"ಇರಬಹುದು," ಎಂದಳು ಅತ್ತೆ ಬ್ರೆಡ್ ಅಗಿಯುತ್ತ. "ಇಲ್ಲಾಂದ್ರೆ, ಇದು ತಿನ್ನೋ ಸಾಮಾನಲ್ಲ, ಯಾವುದೋ ತರಲೆ ಹುಡುಗಿ ಕೆಣಕ್ತಿದ್ದಾಳೆ ಅಂತ ಮೀನಿಗೇ ಗೊತ್ತಾಗಿರಬಹುದು."

ಸೀಟಿ ಅದನ್ನೂ ಯೋಚಿಸಿದಳು. ಅದೂ ಇರಬಹುದು. ಯಾವುದು ಅಂತ ಹೇಳುವುದು ಹೇಗೆ? ಕೈಯ ಸಂಗತಿಯನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಯಾರಿಗೆ ತಿಳಿಯುತ್ತದೆ? ಕೆರೆಯಲ್ಲಿ ಇದ್ದದ್ದು ಇಬ್ಬರೇ. ಮೀನನ್ನೂ ಸೇರಿಸಿದರೆ ಮೂವರು.

"ಲೀಡರ್ ಏನಂದ ಗೊತ್ತಾ?" ಎಂದಳು ಒಮ್ಮೆಲೇ. "ನಿಮ್ಮತ್ತೆ ಪಂಕ್ಚರ್ ಹಾಕೋರು ಅಂದ. ಎಲ್ಲರ ಮುಂದೆ."

ಅತ್ತೆ ಜೋರಾಗಿ ನಕ್ಕಳು. "ಸರಿಯಾಗೇ ಹೇಳಿದ್ದಾನಲ್ಲ! ಇನ್ನೇನು, ಹಲ್ಲು ಕೀಳೋಳು ಅನ್ಬೇಕಿತ್ತಾ?"

ಸೀಟಿ ನಗಲಿಲ್ಲ. ಪೆನ್ಸಿಲ್ಲಿನ ತುದಿ ಕಚ್ಚಿದಳು. ಆಮೇಲೆ ಬರೆದದ್ದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು.

ಸೋಮವಾರ ಮಿಸ್ ಕರೆದಾಗ ಅವಳು ಬೋರ್ಡಿನ ಮೇಲೆ ಆರೂ ಸಲದ್ದನ್ನು ಬರೆದಳು. ಆರನೆಯದನ್ನು ಬರೆದಾಗ ಹಿಂದಿನ ಬೆಂಚಿನಿಂದ ಯಾರೋ "ಓ" ಎಂದರು.

"ಹಾಗಾದ್ರೆ ಬಾಲಕ್ಕೆ ರುಚಿ ಗೊತ್ತು ಅಂತಾಯ್ತು," ಎಂದರು ಮಿಸ್.

"ಗೊತ್ತಿಲ್ಲ, ಮಿಸ್," ಎಂದಳು ಸೀಟಿ. "ನನ್ನ ಕೈಯಲ್ಲಿ ಲಿವರ್ ಇತ್ತು. ಅದೇ ಕೈಲಿ ಬಟ್ಟೆ ಕಟ್ಬಿಟ್ಟೆ. ಮೊದಲ್ನೇ ಸಲ ತಿರುಗಿದ್ದು ಆ ರುಚಿಗೋ, ಬರೀ ಮುಟ್ಟಿದ್ದಕ್ಕೋ ಗೊತ್ತಾಗಲ್ಲ. ಇನ್ನೊಂದ್ಸಲ ನೋಡ್ಬೇಕು."

ಕ್ಲಾಸು ನಕ್ಕಿತು. "ಸೀಟಿ ಔಟ್!" ಎಂದು ಒಬ್ಬ ಕೂಗಿದ. ಸೀಟಿ ಚಾಕ್ ಹಿಡಿದುಕೊಂಡು ನಗು ಮುಗಿಯುವವರೆಗೂ ಕಾದಳು. ಈ ಸಲ ಕಿವಿ ಬಿಸಿಯಾಗಲಿಲ್ಲ.

"ಬಟ್ಟೆ ಕಟ್ಟಿ ನೋಡೋದು ಯಾರ ಐಡಿಯಾ?" ಮಿಸ್ ಕೇಳಿದರು.

"ನಮ್ಮತ್ತೇದು," ಎಂದಳು ಸೀಟಿ. "ಪಂಕ್ಚರ್ ಅಂಗಡಿ ಇದೆ ಅವ್ರದ್ದು. ಒಂದು ತೂತು ಸಿಕ್ಕಿದ್ರೂ ಟ್ಯೂಬನ್ನ ಪೂರ್ತಿ ತಿರುಗಿಸಿ ನೋಡ್ತಾರೆ."

ಯಾರೂ ನಗಲಿಲ್ಲ. ಲೀಡರ್ ಬೋರ್ಡನ್ನೇ ದಿಟ್ಟಿಸುತ್ತಿದ್ದ. ಆಮೇಲೆ ಮೆಲ್ಲಗೆ ಕೈ ಎತ್ತಿದ.

"ಆ ಕರ್ಚೀಫು... ಅದನ್ನ ಸೋಪಲ್ಲಿ ಒಗೆದಿದ್ರಾ?"

"ಹೌದು. ಯಾಕೆ?"

"ಸೋಪಿಗೂ ರುಚಿ ಇರುತ್ತಲ್ಲ."

ಸೀಟಿ ಬೋರ್ಡಿನ ಕಡೆ ತಿರುಗಿ ಬಟ್ಟೆಯ ಮೂರು ಸಾಲುಗಳನ್ನು ಮತ್ತೆ ಓದಿದಳು. ಇದು ಅವಳಿಗೆ ಹೊಳೆದಿರಲಿಲ್ಲ. ಅತ್ತೆಗೂ ಹೊಳೆದಿರಲಿಲ್ಲ.

"ಇರು," ಎಂದಳು ಅವನಿಗೆ. ಬೆಂಚಿಗೆ ಹೋಗಿ, ನೋಟ್‌ಬುಕ್ ತೆರೆದು, ಅವನು ಕೇಳಿದ್ದನ್ನು ಬರೆದುಕೊಂಡಳು. ಬರೆದಾದ ಮೇಲೆ ತಲೆಯೆತ್ತಿ ಕೇಳಿದಳು:

"ಮತ್ತೆ?"