ಅಳತೆಕೋಲು ಹಿಡಿದವಳು

ಬೆಳಿಗ್ಗೆ ಬಾಗಿಲು ತೆರೆದರೆ ಎದುರಿನ ದಿಣ್ಣೆಯ ಮೇಲೆ ಒಬ್ಬ ಗಂಡಸು ಮೂರು ಕಾಲಿನ ದುರ್ಬೀನಿಗೆ ಕಣ್ಣು ಹಚ್ಚಿ ನಿಂತಿದ್ದ. ದುರ್ಬೀನು ನೇರವಾಗಿ ಅವಳ ಪಾದಗಳ ಕಡೆ ತಿರುಗಿತ್ತು.

ಅವಳು ದೋಣಿಕಟ್ಟೆಯ ಟಿಕೆಟ್ ಕೌಂಟರಿನವಳು. ಲಾಂಚು ಹೊರಡಿಸಲು ಸೀಟಿ ಊದುವುದೂ ಅವಳ ಕೆಲಸವೇ ಆಗಿದ್ದರಿಂದ ಬೀದಿಯವರೆಲ್ಲ ಪೀಪಿ ಎಂದೇ ಕರೆಯುತ್ತಿದ್ದರು. ಸೀಟಿ ಕೊರಳಲ್ಲೇ ಇತ್ತು. ಜೋರಾಗಿ ಊದಿದಳು. ಗಂಡಸು ಬೆಚ್ಚಿಬಿದ್ದು ದುರ್ಬೀನಿಗೆ ಹಣೆ ಬಡಿದುಕೊಂಡ.

"ಏನ್ರೀ, ಹೆಣ್ಣುಮಕ್ಕಳ ಕಾಲು ನೋಡೋಕೆ ಇಷ್ಟು ದೊಡ್ಡ ಸಾಮಾನು ಬೇಕಾ?"

"ಕಾಲಲ್ಲ ರೀ, ಮೆಟ್ಟಿಲು." ಅವನು ಹಣೆ ಉಜ್ಜಿಕೊಳ್ಳುತ್ತಾ ಇಳಿದು ಬಂದ. "ನಿಮ್ಮ ಕಾಲು ಅಡ್ಡ ಬಂತು."

"ನಮ್ಮನೆ ಮೆಟ್ಟಿಲ ಮೇಲೆ ನನ್ನ ಕಾಲು ಅಡ್ಡವಾ?"

ಅವನು ಕೆಳಗಿನ ಮೆಟ್ಟಿಲು ತೋರಿಸಿದ. ಆ ಕಲ್ಲಿನಲ್ಲಿ ಗುಂಡುತಲೆಯ ಹಿತ್ತಾಳೆ ಮೊಳೆಯೊಂದಿತ್ತು. ಅವಳಮ್ಮ ಟೈಲರು, ಟಿಚ್ ಬಟನ್ ಬಡಿಯುವುದಕ್ಕೆಂದೇ ಯಾರೋ ಪುಣ್ಯಾತ್ಮರು ಅದನ್ನು ನೆಟ್ಟಿದ್ದಾರೆ ಎಂದುಕೊಂಡಿದ್ದಳು. ಅಲ್ಲ, ಅದು ಹಳೇ ಸರ್ವೆ ಗುರುತು ಎಂದ ಅವನು. ತಾನು ಸರ್ವೇಯರ್, ಹೊಸ ಕರಾವಳಿ ರಸ್ತೆಯ ಆಫೀಸಿನವನು ಎಂದ.

"ನಮ್ಮ ಬೀದಿಗೆ ಬಸ್ಸು ಬರುತ್ತಾ ಹಾಗಾದ್ರೆ?" ಒಳಗಿನಿಂದಲೇ ಅಮ್ಮ ಕೂಗಿದಳು. ಹೊಲಿಗೆ ಮಿಷನ್ ನಿಂತಿತ್ತು.

"ಅದನ್ನ ಹೇಳೋದು ಸಮುದ್ರ, ಅಮ್ಮ."

ರಸ್ತೆಗೆ ಎರಡು ದಾರಿ ಯೋಚಿಸಿದ್ದರು. ಒಂದು ಈ ಬೀದಿಯ ಮುಂದೆ, ಎತ್ತರದ ಏರಿ ಕಟ್ಟಿ, ಸಮುದ್ರದ ಕಡೆಗೆ ಕಲ್ಲಿನ ಗೋಡೆ ಏರಿಸಿ. ಹಾಗಾದರೆ ಬೀದಿಯೂ ಉಳಿಯುತ್ತದೆ. ಇನ್ನೊಂದು ಗುಡ್ಡದ ಹಿಂದೆ. ಹಾಗಾದರೆ ಗೋಡೆಯಿಲ್ಲ, ಬಸ್ಸಿಲ್ಲ, ಬೀದಿಯುಂಟು, ಸಮುದ್ರವುಂಟು.

"ರಸ್ತೆ ಎಪ್ಪತ್ತು ವರ್ಷ ಬಾಳಬೇಕು. ಇವತ್ತಿನ ನೀರಿಗೆ ಕಟ್ಟಿದ್ರೆ ಆಗಲ್ಲ, ಆಗಿನ ನೀರಿಗೆ ಕಟ್ಟಬೇಕು. ನೀರು ಎಷ್ಟು ಏರುತ್ತೆ ಅನ್ನೋದು ಒಂದು ಲೆಕ್ಕ. ನೆಲ ಎಷ್ಟು ಕುಸೀತಿದೆ ಅನ್ನೋದು ಇನ್ನೊಂದು. ಎರಡೂ ಕೂಡಿಸಬೇಕು. ಗುಡ್ಡದ ಬಂಡೆ ಅಲುಗಲ್ಲ. ಅದಕ್ಕೂ ನಿಮ್ಮ ಮೆಟ್ಟಿಲಿಗೂ ಇರೋ ಎತ್ತರ ತಿಂಗಳು ತಿಂಗಳು ಅಳೆದು ನೋಡ್ತೀವಿ."

"ಎಪ್ಪತ್ತು ವರ್ಷ! ನಮ್ಮ ಲಾಂಚು ಎಷ್ಟು ಹೊತ್ತಿಗೆ ಬರುತ್ತೆ ಅಂತ ನನಗೇ ಗೊತ್ತಿರಲ್ಲ."

ಅವನು ನಕ್ಕ. ನಕ್ಕಾಗ ಹಣೆಯ ಬುಗುಟು ಕೂಡ ನಕ್ಕಂತಾಯಿತು. ಕೆಟ್ಟ ಸೂಚನೆ ಎಂದು ಅವಳಿಗೆ ಆಗಲೇ ಗೊತ್ತಾಗಬೇಕಿತ್ತು.

ಅಳತೆಕೋಲು ಹಿಡಿಯಲು ಆಫೀಸಿನ ಮಾಮ ಒಬ್ಬರಿದ್ದರು, ಮಂಡಿನೋವಿನವರು. ಬಂಡೆ ಹತ್ತಿ ಕೋಲು ಹಿಡಿದರೆ ಮತ್ತೆ ಇಳಿದು ಬರಲಾರದೆ ಅಲ್ಲೇ ಬೀಡಿ ಹಚ್ಚಿ ಕೂರುತ್ತಿದ್ದರು. ಹಾಗಾಗಿ ಮೆಟ್ಟಿಲ ಮೇಲಿನ ಕೋಲು ಪೀಪಿಯ ಕೈಗೆ ಬಂತು. ಎರಡಾಳೆತ್ತರದ ಕೋಲು, ಮೈತುಂಬ ಕೆಂಪು ಕಪ್ಪು ಗೆರೆ. ಕೋಲು ನೆಟ್ಟಗಿದೆಯೇ ಎಂದು ತೋರಿಸುವ ನೀರ್ಗುಳ್ಳೆ ಎಂದೋ ಒಡೆದುಹೋಗಿತ್ತು.

"ಕಣ್ಣಂದಾಜಲ್ಲಿ ನೆಟ್ಟಗಿಡಿ. ಎಡಕ್ಕೆ ಬಲಕ್ಕೆ ವಾಲಿದ್ರೆ ನಾನು ಕೈಯಲ್ಲಿ ಸನ್ನೆ ಮಾಡ್ತೀನಿ. ಕೈ ಕೆಳಗೆ ಬೀಸೋ ತನಕ ಇಳಿಸಬಾರದು."

"ನೀವು ಮರೆತು ಮನೆಗೆ ಹೋದ್ರೆ?"

"ಆಗಲೂ ಇಳಿಸಬಾರದು."

ಹೀಗೆ ಶುರುವಾಯಿತು. ತಿಂಗಳಿಗೊಮ್ಮೆ ಅವನು ಬರುತ್ತಿದ್ದ, ಅವಳು ಕೋಲು ಹಿಡಿಯುತ್ತಿದ್ದಳು. ದಿಣ್ಣೆಯಿಂದ ಅವನ ಅಂಗೈ ಬಲಕ್ಕೆ ಸರಿಯುತ್ತಿತ್ತು, ಅವಳು ಬಲಕ್ಕೆ. ಎಡಕ್ಕೆ, ಅವಳು ಎಡಕ್ಕೆ. ಇಷ್ಟು ದೂರದಿಂದ ಇಷ್ಟು ಮೆಲ್ಲಗೆ ಯಾರೂ ಅವಳನ್ನು ಮುಟ್ಟಿರಲಿಲ್ಲ.

"ಈ ಹಳೇ ದುರ್ಬೀನಲ್ಲಿ ಎಲ್ಲ ತಲೆಕೆಳಗು ಕಾಣುತ್ತೆ," ಎಂದ ಒಂದು ದಿನ ಟೀ ಲೋಟ ಹಿಂದಿರುಗಿಸುತ್ತಾ. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಾಗಿತ್ತು. "ತಲೆಕೆಳಗಾಗಿ ನಿಂತೂ ನಗ್ತೀಯಲ್ಲ, ನೆತ್ತರು ತಲೆಗೇರಲ್ವಾ?"

"ಏರಿದೆ. ಅದಕ್ಕೇ ನಿನಗೆ ಟೀ ಕೊಡ್ತಿರೋದು."

ಆಟವೊಂದನ್ನು ಅವಳೇ ಕಂಡುಹಿಡಿದಳು. ಪಕ್ಕಕ್ಕೆ ವಾಲಿದರೆ ಅವನ ಕೈ ತಕ್ಷಣ ಗದರುತ್ತಿತ್ತು. ಆದರೆ ಕೋಲನ್ನು ಮುಂದಕ್ಕೆ, ನೇರ ಅವನ ಕಡೆಗೇ ವಾಲಿಸಿದರೆ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ದುರ್ಬೀನಿನಲ್ಲಿ ಅದು ನೆಟ್ಟಗೇ ಕಾಣುತ್ತಿತ್ತು. ಬಾಯಲ್ಲಿ ಹೇಳಲಾಗದ್ದನ್ನು ಅವಳು ಹೀಗೆ ಹೇಳತೊಡಗಿದಳು. ಕೋಲನ್ನೂ ತನ್ನನ್ನೂ ಒಂದಿಷ್ಟು ಅವನ ಕಡೆ ಬಾಗಿಸಿ, ಅವನು ನೋಡುತ್ತಿದ್ದರೂ ಕಾಣದ ಹಾಗೆ. ಮೊದಲ ತಿಂಗಳು ಕೂದಲೆಳೆಯಷ್ಟು. ಆಮೇಲೆ ತಿಂಗಳಿಂದ ತಿಂಗಳಿಗೆ ಇನ್ನಷ್ಟು. ಮನಸ್ಸು ಎಷ್ಟೋ ಅಷ್ಟು.

ವರ್ಷ ತುಂಬಿದ ಮೇಲೆ ಅವನು ಕೋಲಿಲ್ಲದೆ, ದುರ್ಬೀನನ್ನಷ್ಟೇ ಹೆಗಲಿಗೆ ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತ.

"ಒಂದು ಕೆಟ್ಟ ಸುದ್ದಿ. ಹಾಲ್‌ನಲ್ಲಿ ಮೀಟಿಂಗ್ ಇದೆ, ಅಲ್ಲಿ ಗೊತ್ತಾಗೋದಕ್ಕಿಂತ ನಾನೇ ಹೇಳ್ತೀನಿ. ನಿಮ್ಮ ಬೀದಿ ಕುಸೀತಿದೆ. ವರ್ಷಕ್ಕೆ ಒಂದು ಬೆರಳು. ಎಪ್ಪತ್ತು ವರ್ಷಕ್ಕೆ ಸೊಂಟದ ಮಟ್ಟ. ಸಮುದ್ರ ಏರೋದು ಬೇರೆ. ಇಷ್ಟಕ್ಕೆ ಏರಿ ಕಟ್ಟೋಕಾಗಲ್ಲ. ರಸ್ತೆ ಗುಡ್ಡದ ಹಿಂದೆ ಹೋಗುತ್ತೆ."

"ಕುಸೀತಿದೆ ಅಂತ ಹೇಗೆ ಗೊತ್ತು?"

"ಮೆಟ್ಟಿಲು ತಗ್ಗಿದ ಹಾಗೆಲ್ಲ ಕೋಲಿನ ಮೇಲೆ ನನಗೆ ಕಾಣೋ ಅಂಕಿ ಹೆಚ್ಚಾಗುತ್ತೆ. ನೀನು ಹಿಡಿದಿದ್ಯಲ್ಲ, ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಹೆಚ್ಚಾಗಿದೆ."

"ಕೋಲು ವಾಲಿದ್ರೆ?"

"ವಾಲಿದ್ರೂ ಹೆಚ್ಚೇ ಕಾಣುತ್ತೆ. ಆದ್ರೆ ನೀನು ವಾಲಿಸಿಲ್ಲ, ನಾನು ನೋಡ್ತಾನೇ ಇದ್ನಲ್ಲ."

"ವಾಲಿಸಿದ್ದೆ." ಅವಳು ಹೇಳಿಯೇಬಿಟ್ಟಳು. "ನಿನ್ನ ಕಡೆಗೆ. ಬೇಕೂಂತಲೇ. ನೀನಂದ್ರೆ ನನಗೆ ಪ್ರಾಣ, ಹೇಳೋಕೆ ನಾಚಿಕೆಯಾಗ್ತಿತ್ತು. ಅದಕ್ಕೆ."

ಒಂದು ವರ್ಷದಿಂದ ಕಾದಿದ್ದ ಮಾತು. ಅದನ್ನು ಕೇಳಿದ ಗಂಡಸಿನ ಮುಖ ಅರಳುತ್ತದೆ ಎಂದುಕೊಂಡಿದ್ದಳು. ಅವನು ಬಿಳಿಚಿಕೊಂಡ. ಓಡಿಹೋಗಿ ಜೀಪಿನಿಂದ ಎರಡೂ ಕೋಲು ತಂದ, ಜೀಪಿನಲ್ಲೇ ಕೂತಿದ್ದ ಮಾಮನನ್ನು ಬಂಡೆಯ ಮೇಲೆ ಹತ್ತಿಸಿದ, ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಅವಳ ಕೋಲನ್ನು ಅದರ ನೇರಕ್ಕೆ ನಿಲ್ಲಿಸಿದ. ಅಳೆದ. ಮತ್ತೆ ಅಳೆದ. ಮೆಟ್ಟಿಲು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು.

ದಿಣ್ಣೆಯಿಂದ ಇಳಿದು ಬಂದು ಅವನು ಕೇಳಿದ ಮೊದಲ ಮಾತು: "ಇದನ್ನ ಇನ್ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ. ರಿಪೋರ್ಟ್ ಮೇಲೆ ಹೋಗಿಯಾಗಿದೆ. ಕೋಲು ಹಿಡಿದದ್ದು ಮಾಮ ಅಂತ ಇದೆ. ಹೊರಗಿನವರ ಕೈಗೆ ಕೊಟ್ಟಿದ್ದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಅವರ ಪೆನ್ಷನ್ ಹೋಗುತ್ತೆ." ಅವಳ ಕೈ ಹಿಡಿದ. ಮೊದಲ ಸಲ. "ನೀನು ಯಾಕೆ ಹೆದರ್ತೀಯ? ನನ್ನ ಕ್ವಾರ್ಟರ್ಸ್ ಎತ್ತರದಲ್ಲಿದೆ. ಮದುವೆಯಾಗೋಣ. ಅಮ್ಮನೂ ಬರಲಿ."

"ಬೀದಿ?"

"ಬೀದಿಯನ್ನೆಲ್ಲ ಮದುವೆಯಾಗೋಕಾಗುತ್ತಾ?"

ಬೇರೆ ದಿನವಾಗಿದ್ದರೆ ಆ ಜೋಕಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೈ ಬಿಡಿಸಿಕೊಂಡಳು.

ಮೀಟಿಂಗಿನಲ್ಲಿ ಇಡೀ ಬೀದಿ ಕುಳಿತಿತ್ತು. ದೊಡ್ಡ ಎಂಜಿನಿಯರ್ ಮೇಡಂ ನಕ್ಷೆಯ ಮೇಲೆ ಗುಡ್ಡದ ಹಿಂದಿನ ಗೆರೆ ತೋರಿಸಿ, ಆಕ್ಷೇಪಣೆ ಇದ್ದರೆ ಹೇಳಿ ಎಂದರು. ಪೀಪಿ ಎದ್ದು ನಿಂತಳು.

"ಅಳತೆ ತಪ್ಪು, ಮೇಡಂ. ಮೆಟ್ಟಿಲ ಮೇಲೆ ಕೋಲು ಹಿಡಿದದ್ದು ನಾನು. ವಾಲಿಸಿ ಹಿಡಿದಿದ್ದೆ."

"ಯಾಕಮ್ಮ ವಾಲಿಸಿದೆ?"

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. "ಸರ್ವೇಯರ್ ಕಡೆಗೆ... ಇಷ್ಟ ಇತ್ತು, ಅದಕ್ಕೆ."

ಹಾಲ್‌ಗೆ ಹಾಲೇ ನಕ್ಕಿತು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೇಡಂ ಮಾತ್ರ ನಗಲಿಲ್ಲ. ಅವನ ಕಡೆ ತಿರುಗಿದರು. "ಏನ್ರೀ ಇದು? ನಿಜವಾ?"

ಅವನು ಎದ್ದ. ಅವಳನ್ನು ನೋಡಿದ. ಪಾದಗಳನ್ನು, ಮೊದಲ ದಿನದ ಹಾಗೆ.

"ಇಲ್ಲ ಮೇಡಂ. ಕೋಲು ಹಿಡಿದದ್ದು ನಮ್ಮ ಸಿಬ್ಬಂದಿ. ಇವರು ಟೀ ಕೊಡ್ತಿದ್ರು, ಅಷ್ಟೇ."

ಮಾಮ ತಮ್ಮ ಮಂಡಿ ನೋಡಿಕೊಳ್ಳುತ್ತಾ "ನಾನೇ ಹಿಡಿದಿದ್ದೆ" ಎಂದರು. ಟೀ ಕೊಟ್ಟವಳು ಕುಳಿತಳು.

ಗುಡ್ಡದ ಹಿಂದೆ ಜಲ್ಲಿ ಲಾರಿಗಳು ಬಂದವು. ಇತ್ತ ಬೀದಿಯಲ್ಲಿ, ಹೋಗಲು ಬೇರೆ ಜಾಗವಿದ್ದವರು ಬೀಗ ಹಾಕಿಕೊಂಡು ಹೊರಟರು, ಇಲ್ಲದವರು ಉಳಿದರು. ಉಳಿದವರಿಗೆ ನಗಲು ಏನಾದರೂ ಬೇಕಲ್ಲ? ಅವಳು ಅಂಗಡಿಯ ಕಟ್ಟೆಗೆ ಸ್ವಲ್ಪ ಒರಗಿ ನಿಂತರೂ ಸಾಕು, "ನೆಟ್ಟಗೆ ನಿಲ್ಲೇ ಪೀಪಿ, ಬೀದಿ ಮುಳುಗೀತು" ಎನ್ನುತ್ತಿದ್ದರು. ಅಮ್ಮ ಟಿಚ್ ಬಟನ್ ಬಡಿಯುವಾಗ ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದಳು, ಮಗಳೊಂದಿಗೆ ಮಾತಾಡುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅವನು ಒಬ್ಬನೇ ಬಂದ. ಮೆಟ್ಟಿಲಿನ ಈ ಗುರುತನ್ನು ಪಟ್ಟಿಯಿಂದ ತೆಗೆಯುವ ಮುಂಚೆ ಕೊನೆಯ ಅಳತೆ ಎಂಬುದು ನೆಪ. ದಿಣ್ಣೆಯ ಮೇಲೆ ದುರ್ಬೀನು ನಿಲ್ಲಿಸಿ, ಕೋಲು ಹಿಡಿದು ಮೆಟ್ಟಿಲ ಬಳಿ ನಿಂತ. ಅವಳು ಕೌಂಟರಿಗೆ ಹೊರಟಿದ್ದಳು.

"ಹೆದರಿಬಿಟ್ಟೆ ಕಣೇ. ಒಂದೇ ಒಂದು ಸಲ ಹೋಗಿ ದುರ್ಬೀನಲ್ಲಿ ನೋಡು. ಆಮೇಲೆ ಏನಾದ್ರೂ ಅನ್ನು."

ಯಾಕೆ ಹತ್ತಿದಳೋ, ಹತ್ತಿದಳು. ಕಣ್ಣಿಟ್ಟಳು. ಇಷ್ಟು ದಿನವಾದರೂ ಅವಳು ಅದರೊಳಗೆ ಇಣುಕಿರಲಿಲ್ಲ. ಮೇಲೆ ಮೆಟ್ಟಿಲು, ಕೆಳಗೆ ಆಕಾಶ, ನಡುವೆ ತಲೆಕೆಳಗಾದ ಒಬ್ಬ ಸಣ್ಣ ಮನುಷ್ಯ, ಅವನ ಕೈಯಲ್ಲಿ ಕೋಲು.

"ನಾನೂ ವಾಲಿದ್ದೀನಿ!" ಅವನು ಕೆಳಗಿನಿಂದ ಕೂಗಿದ. "ನಿನ್ನ ಕಡೆಗೇ! ಕಾಣ್ತಿದೆಯಾ?"

ಅವಳು ತುಂಬ ಹೊತ್ತು ನೋಡಿದಳು. ಕಾಣಲಿ ಎಂದು ಆಸೆಪಟ್ಟೇ ನೋಡಿದಳು.

"ಇಲ್ಲ ಸರ್," ಎಂದಳು. "ನೀವು ನೆಟ್ಟಗೇ ನಿಂತಿದ್ದೀರಿ."

ದೋಣಿಕಟ್ಟೆಯಲ್ಲಿ ಲಾಂಚು ಕಾಯುತ್ತಿತ್ತು. ಅವಳು ಅತ್ತ ಕಡೆಯಿಂದ ದಿಣ್ಣೆ ಇಳಿದು ಹೋಗಿ ಸೀಟಿ ಊದಿದಳು. ಹೋಗುವ ಮುಂಚೆ ಕೈ ಕೆಳಗೆ ಬೀಸಿರಲಿಲ್ಲ. ಕೋಲು ಹಿಡಿದವನು ಮೆಟ್ಟಿಲ ಮೇಲೆ ಹಾಗೇ ನಿಂತಿದ್ದ.