ಸೋರಿಕೆ ಸೊನ್ನೆ

ತಲೆಗೆ ಬಿಗಿದ ಪಟ್ಟಿ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಫಕೀರವ್ವ ಬಿದ್ದಳು. ಅಂಗವೈಕಲ್ಯ ಮಂಡಳಿಯ ಗುಮಾಸ್ತ ಸಹಿಗೆ ಕರೆದಿದ್ದ. ಅವಳು ಎದ್ದಳು, ಎಡಗಾಲು ಏಳಲಿಲ್ಲ. ನೆಲದ ಮೇಲಿದ್ದವಳ ತಲೆಯನ್ನು ಅಳೆದು ಮುಗಿಸಿದ ಯಂತ್ರ ಸೌಮ್ಯವಾದ ದನಿಯಲ್ಲಿ ಹೇಳಿತು: "ಸೋರಿಕೆ ಸೊನ್ನೆ. ವೈಕಲ್ಯ ಸೊನ್ನೆ."

ಗುಮಾಸ್ತ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದ. ಆಮೇಲೆ ಅವಳ ಕಾರ್ಡಿನ ಮೇಲೆ 'ರದ್ದು' ಎಂದು ಮುದ್ರೆ ಒತ್ತಿದ.

"ಈಗಷ್ಟ ನಿನ್ನ ಕಣ್ಮುಂದ ಬಿದ್ದೇನಲ್ಲೋ ಯಪ್ಪಾ!"

"ನೋಡೇನ್ರೀ ಅಕ್ಕಾರ. ನಾ ನೋಡಿದ್ದು ಲೆಕ್ಕಕ್ಕಿಲ್ಲ. ಮಾಪಕ ನೋಡಬೇಕು."

ಫಕೀರವ್ವ ಹನ್ನೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ರೋಗ ಹತ್ತಿದ್ದು ಎರಡು ವರ್ಷ ಯಾರಿಗೂ ತಿಳಿಯಲಿಲ್ಲ, ಅವಳಿಗೂ. ಓಡುವ ಬಸ್ಸಿನಲ್ಲಿ ಎಲ್ಲರೂ ಸೀಟು ಹಿಡಿದು ತೂಗಾಡಿಕೊಂಡೇ ನಡೆಯುತ್ತಾರೆ. ಬಸ್ಸು ನಿಂತ ಮೇಲೂ ತಾನು ತೂಗಾಡುತ್ತಿದ್ದೇನೆಂಬುದು ಒಂದು ದಿನ ಅವಳಿಗೆ ಗೊತ್ತಾಯಿತು.

ಮಿದುಳಿನ ರಕ್ತನಾಳಗಳಲ್ಲಿ ಕೋಶಕ್ಕೆ ಕೋಶ ಬಿಗಿಯಾಗಿ ಹೊಲಿದಂತಿರುತ್ತದೆ. ರಕ್ತದಲ್ಲಿರುವುದೆಲ್ಲ ಒಳಗೆ ಹೋಗುವಂತಿಲ್ಲ. ಈ ಮಿದುಳುಬೇಲಿ ಹರಿದರೆ, ಮೈಯನ್ನು ಕಾಯಬೇಕಾದ ಕೋಶಗಳೇ ಒಳನುಗ್ಗಿ ನರಗಳ ಹೊದಿಕೆಯನ್ನು ಹಗೆಯೆಂದು ತಿಳಿದು ಕಡಿದುಹಾಕುತ್ತವೆ. ಫಕೀರವ್ವನ ಬೇಲಿ ಮೂರು ಸಲ ಹರಿದಿತ್ತು. ಮೊದಲ ಸಲ ಎಡಗಾಲು ಹೋಯಿತು. ಎರಡನೆಯ ಸಲ ಬಲಗಣ್ಣಿಗೆ ಕೆಂಪು ಬಣ್ಣ ಕಾಣದಾಯಿತು. ಮೂರನೆಯ ಸಲ ಉಚ್ಚೆ ತಡೆದುಕೊಳ್ಳುವ ಶಕ್ತಿ ಹೋಯಿತು. ಅಷ್ಟರಲ್ಲಿ ಡಾ. ಮಂದಾಕಿನಿ ಜಾಲಿಹಾಳರ 'ಬೇಲಿಹೊಲಿಗೆ' ಬಂತು. ಒಂದು ಸೂಜಿಮದ್ದಿಗೆ ಹರಿದದ್ದು ಕೂಡಿಕೊಂಡಿತು. ನಾಲ್ಕನೆಯ ದಾಳಿ ಬರಲೇ ಇಲ್ಲ. ಹೋದದ್ದೂ ಬರಲಿಲ್ಲ. ಕಾರ್ಡಿನ ಬಲದಿಂದ ಬಸ್ ನಿಲ್ದಾಣದಲ್ಲಿ ಕೂತು ಮೈಕಿನಲ್ಲಿ ಊರುಗಳ ಹೆಸರು ಕೂಗುವ ಕೆಲಸ ಸಿಕ್ಕಿತ್ತು.

ಬೇಲಿಯ ಸೋರಿಕೆ ಅಳೆಯುವ ಮಾಪಕವನ್ನು ಮಂಡಳಿಗೆ ಕೊಟ್ಟವರೂ ಜಾಲಿಹಾಳರೇ, ಅದೂ ಫಕೀರವ್ವನ ಕಣ್ಣೀರು ನೋಡಲಾರದೆ. ಹಿಂದೆ ಮಂಡಳಿಯವರು ಅವಳನ್ನು ಮೂರು ಸಲ ನಡೆಸಿ, 'ನಾಟಕ ಛಲೋ ಮಾಡ್ತಿ' ಎಂದು ನಕ್ಕಿದ್ದರು. "ಇನ್ನ ಯಾರೂ ನಿಮ್ಮನ್ನ ನಡೆಸಿ ನೋಡೂದಿಲ್ಲ" ಎಂದು ಡಾಕ್ಟರು ಮಾತು ಕೊಟ್ಟಿದ್ದರು. ಆ ಮಾತು ನಡೆಯಿತು.

ಅದೇ ಕಟ್ಟಡದ ಕೊನೆಯ ಕೋಣೆ ಅವರದು. ಫಕೀರವ್ವ ಗೋಡೆ ಹಿಡಿದು ಅಲ್ಲಿಗೆ ಹೋದಳು. ಹೊರಗೆ ಬೆಂಚಿನ ಮೇಲೆ ಏಳೆಂಟು ಮಂದಿ ಊರುಗೋಲು ಹಿಡಿದು ಕೂತಿದ್ದರು. ಡಾಕ್ಟರು ಕಾರ್ಡನ್ನು ನೋಡಿ ಕನ್ನಡಕ ತೆಗೆದರು.

"ಮಾಪಕಕ್ಕ ಇವತ್ತಿನ ಸೋರಿಕೆ ಕಾಣ್ತದ ಫಕೀರವ್ವಾ, ಹಳೇ ಗಾಯ ಕಾಣೂದಿಲ್ಲ. ಮಂಡಳಿಗೆ ನಾಲ್ಕು ಪತ್ರ ಬರದೆ. ಅಂಕಿ ಒಂದ ಸಾಕು ಅಂದ್ರು."

"ಸೋಮವಾರದಿಂದ ನನ್ನ ಮತ್ತ ಬಸ್ಸಿಗೆ ಹಾಕ್ತಾರ್ರೀ ಬಾಯಾರ. ಮೆಟ್ಟಲಾ ಹೆಂಗ ಏರ್ಲಿ?"

ಡಾಕ್ಟರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಒಂದು ದಾರಿ ಅದ. ಧ್ವನಿತರಂಗದಿಂದ ಹೊಲಿಗಿ ಬಿಚ್ಚತೀನಿ, ನಾಲ್ಕು ತಾಸು ಅಷ್ಟ. ಮಾಪಕದಾಗ ಅರವತ್ತು ಬರ್ತದ, ಕಾರ್ಡು ಸಿಗ್ತದ. ಸಂಜಿಗೆ ಮತ್ತ ಹೊಲೀತೀನಿ. ಮೂರು ವರ್ಷಕ್ಕೊಮ್ಮೆ, ಕಾರ್ಡು ಹೊಸಾದು ಮಾಡೂಮುಂದ, ಮಾಡಿದ್ರಾತು."

"ಹೊರಗ ಕುಂತಾರಲ್ಲ, ಅವ್ರು?"

"ಅದಕ್ಕ ಬಂದಾರ."

"ಹೊಲೀಲಿಕ್ಕೆ ಬಂದಾರ ಅಂತ ತಿಳ್ಕೊಂಡಿದ್ದೆ." ಫಕೀರವ್ವ ನಕ್ಕಳು. "ಆ ನಾಲ್ಕು ತಾಸಿನ್ಯಾಗ ಈ ಸಲ ಏನ್ ಹೋಗತೈತ್ರಿ?"

"ಏನೂ ಹೋಗಲಿಕ್ಕಿಲ್ಲ."

"ಹೋದ್ರ?"

ಜಾಲಿಹಾಳರು ಒಪ್ಪಿಗೆ ಪತ್ರವನ್ನು ಅವಳ ಮುಂದೆ ಸರಿಸಿದರು, ಮೇಲೆ ಪೆನ್ನು ಇಟ್ಟರು. ಫಕೀರವ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಜಡೆ ಹಾಕುವ ಕೈ, ಗೋಡೆ ಹಿಡಿಯುವ ಕೈ, ಮೈಕಿನ ಗುಂಡಿ ಒತ್ತುವ ಕೈ. ಅದನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ನಿಮ್ಮ ನೌಕರಿ ಹೋಗ್ತದ, ಫಕೀರವ್ವಾ. ಒಂದ ಸಲ, ನನ್ನ ಮಾತು ಕೇಳ್ರಿ."

"ಒಲ್ಲೆ" ಎಂದಳು ಫಕೀರವ್ವ.