ಮೂರನೇ ಸಾಲಿನ ಉಸಿರು

ಹಾಡು ಬಂತು, ಡ್ರಮ್ಸ್ ಬರಲಿಲ್ಲ. ಸ್ಟುಡಿಯೊದಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವ ಪುಟ್ಟಿ ಟೇಪನ್ನು ಎರಡು ಸಲ ಹಿಂದಕ್ಕೆ ಸುತ್ತಿ ಕೇಳಿದಳು. ತಗಡಿನ ಡಬ್ಬ, ಸೈಕಲ್ ಚೈನುಗಳಿಂದಲೂ ಹಾಡು ಕಟ್ಟುವ ಪೋಸ್ಟ್-ಪಂಕ್ ಬ್ಯಾಂಡ್ ಅದು. ಆಲ್ಬಮ್ಮಿನ ಕೊನೆಯ ಹಾಡಿಗೆ ಗಾಯಕನ ಅಕ್ಕ ಬಾರಿಸಿದ್ದ ಏಳು ನಿಮಿಷವನ್ನು ಯಾರೋ ಅಳಿಸಿಹಾಕಿದ್ದರು. ಅಕ್ಕ ಕಾರಣ ಹೇಳದೆ ಬ್ಯಾಂಡ್ ಬಿಟ್ಟು ಒಂಬತ್ತು ದಿನವಾಗಿತ್ತು. ಪುಟ್ಟಿಯನ್ನು ಬಿಟ್ಟರೆ ಸ್ಟುಡಿಯೊದ ಕೀಲಿ ಅಕ್ಕನ ಬಳಿ, ಗಾಯಕನ ಬಳಿ, ಅವಳ ಜಾಗಕ್ಕೆ ಬಂದ ಹೊಸಬನ ಬಳಿ ಇತ್ತು.

"ಇದು ಹೊಸಬನದೇ ಕೆಲಸ," ಎಂದ ಗಾಯಕ. "ಅಕ್ಕನ ಪೆಟ್ಟು ಉಳಿದ್ರೆ ಇವನನ್ನ ಯಾರು ಕೇಳ್ತಾರೆ? ಇವತ್ತೇ ಕಳಿಸಿಬಿಡೋಣ."

ಹೊಸಬ ಪುಟ್ಟಿಯ ಕಡೆ ತಿರುಗಿದ. "ನಾನು ಆ ಯಂತ್ರ ಮುಟ್ಟೇ ಇಲ್ಲ. ಈ ಕೆಟ್ಟ ಹೆಸರು ಹೊತ್ಕೊಂಡು ಹೋದ್ರೆ ಇನ್ಯಾವ ಬ್ಯಾಂಡಿಗೂ ಸೇರಿಸ್ಕೊಳ್ಳಲ್ಲ."

ಪುಟ್ಟಿಗೆ ಸುಮ್ಮನಿರಲಾಗಲಿಲ್ಲ. ಮಹಡಿ ಮೇಲಿದ್ದ ಸೋದರಮಾವನನ್ನು ಕರೆತಂದಳು. ಪಿಯಾನೊಗಳಿಗೆ ಶ್ರುತಿ ಮಾಡುವ ಅವರನ್ನು ಬೀದಿಯವರೆಲ್ಲ ಕಿವಿಮಾವ ಎನ್ನುತ್ತಿದ್ದರು. ಎಷ್ಟೋ ಕಳವುಗಳನ್ನು ಅವರು ಬರೀ ಕೇಳಿಯೇ ಪತ್ತೆಹಚ್ಚಿದ್ದರು.

ಅವರು ಮೊದಲು ಹಾಡನ್ನು ಕೇಳಿದರು. ಹೊಸಬನ ಕಾಲು ಕುಳಿತಲ್ಲೇ ತಾಳ ತಟ್ಟುತ್ತಿತ್ತು. "ಮೂರನೇ ಸಾಲನ್ನ ನಡುವೆ ಮುರಿದು ಉಸಿರು ತಗೊಳ್ತೀಯಲ್ಲಯ್ಯಾ," ಎಂದು ಕಿವಿಮಾವ ಗಾಯಕನನ್ನು ಛೇಡಿಸಿದರು. "ಪದ್ಯ ಓದುವಾಗ ನಾನು ಹಾಗೆ ಮಾಡಿದ್ರೆ ನಮ್ಮಪ್ಪ ಕಿವಿ ಹಿಂಡ್ತಿದ್ರು." ಆಮೇಲೆ ಟೇಪಿನಲ್ಲಿ ಡ್ರಮ್ಸ್‌ಗೆಂದೇ ಬೇರೆ ಇದ್ದ, ಈಗ ಅಳಿಸಿಹೋಗಿದ್ದ ಟ್ರ್ಯಾಕನ್ನು ಏಳು ನಿಮಿಷವೂ ಕಣ್ಣು ಮುಚ್ಚಿ ಕೇಳಿದರು. "ಅಕ್ಕನನ್ನೂ ಕರೀರಿ."

ಅಕ್ಕ ಸಂಜೆ ಬಂದಳು. ಬಲಗೈ ಜೇಬಿನಿಂದ ಹೊರಬರಲಿಲ್ಲ.

"ಅಳಿಸಿದವರು ಡ್ರಮ್ಸ್ ಮೇಲೆ ಮೌನ ರೆಕಾರ್ಡ್ ಮಾಡಿದ್ರು, ಮೈಕ್ ಆರಿಸೋದು ಮರೆತ್ರು," ಎಂದರು ಕಿವಿಮಾವ. "ಯಂತ್ರ ಇರೋದೂ ಇದೇ ಕೋಣೇಲಿ. ಹೆಡ್‌ಫೋನ್ ಹಾಕ್ಕೊಂಡು ಹಾಡು ಕೇಳ್ತಾ ನಿಂತಿದ್ರು. ಹೊಸಬ ಆಗಿದ್ರೆ ಕಾಲಿನ ಸದ್ದು ಇರ್ತಿತ್ತು. ಇಲ್ಲಿರೋದು ಬರೀ ಉಸಿರು. ಪ್ರತಿ ಚರಣದಲ್ಲೂ ಮೂರನೇ ಸಾಲಿನ ನಡುವೆ."

ಪುಟ್ಟಿ ಆ ಟ್ರ್ಯಾಕ್ ಹಾಕಿ ಸ್ಪೀಕರಿನ ಸದ್ದು ಏರಿಸಿದಳು. ಆ ಉಸಿರು ಎಲ್ಲರಿಗೂ ಕೇಳಿಸಿತು.

ಗಾಯಕ ನೆಲ ನೋಡಿದ. "ಹಾಡೂ ಇಲ್ಲ, ಇವನೂ ಇಲ್ಲ ಅಂದ್ರೆ ನೀನು ಬಂದೇ ಬರ್ತೀಯ ಅಂದ್ಕೊಂಡೆ ಕಣೇ."

ಅಕ್ಕ ಕೈ ಹೊರತೆಗೆದಳು. ಮಣಿಕಟ್ಟಿಗೆ ಬ್ಯಾಂಡೇಜ್ ಬಿಗಿದಿತ್ತು. "ಡಾಕ್ಟ್ರು ಇನ್ನು ಕೋಲು ಹಿಡೀಬೇಡ ಅಂದ್ರು. ನೀನು ಕುಗ್ಗಿ ಹೋಗ್ತೀಯ ಅಂತ ಹೇಳಲಿಲ್ಲ. ನಾನು ಬಾರಿಸಿದ ಕೊನೇ ಹಾಡು ಕಣೋ ಅದು."

ಹೊಸಬ ಎದ್ದು ಹೋಗಿ ಡ್ರಮ್ಸ್ ಹಿಂದೆ ಕೂತ. "ಆ ಉಸಿರು ಅಳಿಸ್ಬೇಡಿ," ಎಂದ ಪುಟ್ಟಿಗೆ. "ಇನ್ನೊಂದು ಟ್ರ್ಯಾಕಲ್ಲಿ ಅದನ್ನೇ ತಾಳಕ್ಕೆ ಗುರುತಾಗಿ ಹಿಡಿದು ಬಾರಿಸ್ತೀನಿ. ಅಕ್ಕಾ, ತಪ್ಪಿದ ಕಡೆ ನಿಲ್ಸಿ."

ಅಕ್ಕ ಎಡಗೈಯಿಂದ ತನ್ನ ಕೋಲುಗಳನ್ನು ಅವನಿಗೆ ಕೊಟ್ಟು, ತಮ್ಮನ ಕಡೆ ತಿರುಗಿದಳು.

"ಈ ಸಲವೂ ರೆಕಾರ್ಡ್ ಮಾಡೋ ಕೆಂಪು ಗುಂಡಿ ನೀನೇ ಒತ್ತು."